ಪರದೇಶದ ಎಂ.ಬಿ.ಎ. ಮತ್ತು ಮನೆಯ ಲೆಕ್ಕ

ಮಗನೋ ಮಗಳೋ ಇಂಜಿನಿಯರಿಂಗ್ ಇಲ್ಲವೆ ಬಿ.ಕಾಂ. ಮುಗಿಸುವ ಹೊತ್ತಿಗೆ ನಮ್ಮ ಅನೇಕ ಮನೆಗಳಲ್ಲಿ ಒಂದು ಮಾತು ತಾನಾಗಿಯೇ ಏಳುತ್ತದೆ: “ಹೊರಗೆ ಹೋಗಿ ಎಂ.ಬಿ.ಎ. ಮಾಡಿದರೆ ಹೇಗೆ?” ಒಂದು ತಲೆಮಾರಿನ ಹಿಂದೆ ‘ಹೊರಗೆ’ ಎಂದರೆ ಬಾಗಲಕೋಟೆಯವರಿಗೆ ಧಾರವಾಡ, ಧಾರವಾಡದವರಿಗೆ ಪುಣೆ ಎಂಬ ಅರ್ಥವಿದ್ದಿತು. ಇಂದು ಅದರ ಅರ್ಥ ಬಾಸ್ಟನ್, ಷಿಕಾಗೋ, ಲಂಡನ್. ಮಾತು ಎದ್ದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಹೋಗಲಿ ಎನ್ನುವವರು ಬೀಗರ ಕಡೆಯ ಹುಡುಗನೊಬ್ಬನ ಡಾಲರ್ ಸಂಬಳವನ್ನು ರೂಪಾಯಿಗೆ ತಿರುಗಿಸಿ ಹೇಳುತ್ತಾರೆ. ಬೇಡ ಎನ್ನುವವರು ಅಷ್ಟು ದೂರದಲ್ಲಿ ಊಟದ ಗತಿಯೇನೆಂದು ಕೇಳುತ್ತಾರೆ. ಎರಡೂ ಪಕ್ಷದವರು ಹಾಳೆ ಪೆನ್ಸಿಲು ಹಿಡಿದು ಒಟ್ಟಿಗೆ ಕೂಡುವುದು ಅಪರೂಪ. ಹೋಗಬಯಸುವ ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವುದು ಈ ಲೇಖನದ ಉದ್ದೇಶವಲ್ಲ. ಆದರೆ ಮನೆಯ ಕಾಗದಪತ್ರಗಳು ಬ್ಯಾಂಕಿನ ಕಪಾಟು ಸೇರುವ ಮೊದಲು ಆ ಲೆಕ್ಕ ಆಗಿರಬೇಕು ಎಂಬುದಷ್ಟೇ ನಮ್ಮ ವಿನಂತಿ.

ದುಡಿದವರ ಪದವಿ

ಎಂ.ಬಿ.ಎ. ಅಮೆರಿಕದಲ್ಲಿ ಹುಟ್ಟಿದ ಪದವಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿಯ ದಾನದಿಂದ ೧೮೮೧ರಲ್ಲಿ ವಾಣಿಜ್ಯ ಶಾಲೆಯೊಂದು ಆರಂಭವಾಯಿತು. ಎಂ.ಬಿ.ಎ. ಎಂಬ ಹೆಸರಿನ ಪದವಿಯನ್ನು ಮೊದಲಿಗೆ ತಂದುದು ೧೯೦೮ರಲ್ಲಿ ಸ್ಥಾಪನೆಯಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್. ನಮ್ಮ ದೇಶದಲ್ಲಿ ಕಲ್ಕತ್ತಾ ಹಾಗೂ ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ೧೯೬೧ರಲ್ಲಿಯೂ, ಬೆಂಗಳೂರಿನದು ೧೯೭೩ರಲ್ಲಿಯೂ ತಲೆಯೆತ್ತಿದವು.

ಇಲ್ಲಿ ಒಂದು ವ್ಯತ್ಯಾಸವನ್ನು ಪಾಲಕರು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮಲ್ಲಿ ಪದವಿ ಮುಗಿದ ಮರುವರ್ಷವೇ ಎಂ.ಬಿ.ಎ. ಸೇರುವ ರೂಢಿ ಇದೆ. ಅಮೆರಿಕದ ಹೆಸರಾಂತ ಶಾಲೆಗಳಲ್ಲಿ ಹಾಗಲ್ಲ. ಅಲ್ಲಿನ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಾಲ್ಕೈದು ವರ್ಷ ದುಡಿದು ಬಂದವರು. ತರಗತಿಯಲ್ಲಿ ಚರ್ಚೆ ನಡೆಯುವುದೇ ಅವರವರ ಅನುಭವದ ಬಂಡವಾಳದ ಮೇಲೆ. ಕಾರ್ಖಾನೆಯ ಪಾಳಿ ನಡೆಸಿದವರು, ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತಿರಸ್ಕರಿಸಿದವರು, ಸೈನ್ಯದಲ್ಲಿ ತುಕಡಿ ನಡೆಸಿದವರು ಪಕ್ಕದಲ್ಲಿ ಕುಳಿತಿರುವಾಗ, ಪಠ್ಯಪುಸ್ತಕದ ಹೊರತು ಬೇರೇನೂ ಕಾಣದ ಇಪ್ಪತ್ತೆರಡರ ತರುಣ ಹೇಳುವುದಾದರೂ ಏನನ್ನು? ಅದಕ್ಕಿಂತ ಮುಖ್ಯವಾದ ಸಂಗತಿ, ಪದವಿಯ ಕೊನೆಗೆ ನೌಕರಿ ಕೊಡಲು ಬರುವ ಕಂಪನಿಗಳು ಕೇಳುವುದೂ ಹಿಂದಿನ ಅನುಭವವನ್ನೇ. ಅನುಭವವಿಲ್ಲದವನಿಗೂ ಪ್ರವೇಶ ನೀಡುವ ಕಾಲೇಜುಗಳು ಇಲ್ಲದಿಲ್ಲ. ಅವು ಶುಲ್ಕವನ್ನು ಪಡೆಯುತ್ತವೆ, ಪದವಿಯನ್ನೂ ಕೊಡುತ್ತವೆ. ನೌಕರಿಯ ವಿಷಯದಲ್ಲಿ ಮೌನ ತಾಳುತ್ತವೆ.

ಮೈಕ್ರೋಸಾಫ್ಟ್ ಕಂಪನಿಯ ಮುಖ್ಯಸ್ಥ ಸತ್ಯ ನಾದೆಲ್ಲ ಅವರ ಹೆಸರನ್ನು ನಮ್ಮ ಮನೆಗಳಲ್ಲಿ ಆಗಾಗ ಉದಾಹರಿಸುತ್ತಾರೆ. ಅವರು ಇಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ. ಆದರೆ ಅವರ ಎಂ.ಬಿ.ಎ. ಬಂದದ್ದು ಯಾವಾಗ? ೧೯೯೨ರಲ್ಲಿ ಮೈಕ್ರೋಸಾಫ್ಟ್ ಸೇರಿ, ನೌಕರಿಯನ್ನು ಬಿಡದೆ, ವಾರಾಂತ್ಯಗಳಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದು ೧೯೯೭ರಲ್ಲಿ ಆ ಪದವಿಯನ್ನು ಪಡೆದರು. ದುಡಿಮೆ ಮೊದಲು, ಪದವಿ ಆಮೇಲೆ. ಆದ್ದರಿಂದ ಪದವಿ ಮುಗಿದ ಕೂಡಲೆ ಹೊರಡುತ್ತೇನೆನ್ನುವ ಮಗುವಿಗೆ “ಮೂರು ವರ್ಷ ಎಲ್ಲಿಯಾದರೂ ದುಡಿ, ಆಮೇಲೆ ನೋಡೋಣ” ಎಂದು ಹೇಳುವ ತಂದೆಯನ್ನು ಹಳೆಯ ಕಾಲದವನೆಂದು ಯಾರೂ ತಿಳಿಯಬೇಕಾಗಿಲ್ಲ. ಆ ಮೂರು ವರ್ಷದ ಉಳಿತಾಯ ಪ್ರವೇಶ ಪರೀಕ್ಷೆ, ಅರ್ಜಿ, ವೀಸಾ ಮೊದಲಾದ ಖರ್ಚುಗಳನ್ನಾದರೂ ತೂಗಿಸುತ್ತದೆ.

ಪ್ರವೇಶ ಪರೀಕ್ಷೆಯ ಬಗೆಗೆ ಹೆಚ್ಚು ಬರೆಯಬೇಕಾಗಿಲ್ಲ, ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಜಿಮ್ಯಾಟ್ ಎಂಬ ಪರೀಕ್ಷೆಯ ಸ್ವರೂಪ ೨೦೨೩ರ ನವೆಂಬರಿನಲ್ಲಿ ಬದಲಾಗಿ ಈಗ ಎರಡೂಕಾಲು ಗಂಟೆಯದಾಗಿದೆ. ಅಂಕಗಳು ೨೦೫ರಿಂದ ೮೦೫ರವರೆಗೆ. ಹಳೆಯ ಪುಸ್ತಕಗಳನ್ನು ಅಣ್ಣನಿಂದ ತಮ್ಮನಿಗೆ ದಾಟಿಸುವವರು ಇದನ್ನು ಗಮನಿಸಬೇಕು. ಶಿಫಾರಸು ಪತ್ರದ ಬಗೆಗೆ ಮಾತ್ರ ಒಂದು ಮಾತು. ಶಾಸಕರಿಂದ, ಶಿಕ್ಷಣ ಸಂಸ್ಥೆಯ ಅಧ್ಯಕ್ಷರಿಂದ, ಊರಿನ ಗಣ್ಯರಿಂದ ಪತ್ರ ತರುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅಲ್ಲಿನವರಿಗೆ ಆ ಪತ್ರದಿಂದ ಏನೂ ಆಗಬೇಕಾದುದಿಲ್ಲ. ಹುಡುಗ ದಿನನಿತ್ಯ ಹೇಗೆ ಕೆಲಸ ಮಾಡುತ್ತಾನೆ, ತಪ್ಪಾದಾಗ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಕಣ್ಣಾರೆ ಕಂಡ ಮೇಲಧಿಕಾರಿಯ ಪತ್ರವೇ ಅವರಿಗೆ ಬೇಕು.

ಮೌನಕ್ಕೆ ಅಂಕವಿಲ್ಲ

ಹಿರಿಯರ ಎದುರು ಮಾತಾಡದಿರುವುದು, ಗುರುಗಳು ಕೇಳಿದಾಗ ಮಾತ್ರ ಉತ್ತರಿಸುವುದು ನಮ್ಮ ಮಕ್ಕಳಿಗೆ ನಾವು ಕಲಿಸಿದ ಸಂಸ್ಕಾರ. ಈ ಸಂಸ್ಕಾರವೇ ಅಲ್ಲಿ ಮೊದಲ ತೊಡಕಾಗುತ್ತದೆ. ಹಾರ್ವರ್ಡಿನ ಕ್ರಮವನ್ನೇ ನೋಡಿರಿ. ಅಲ್ಲಿ ಉಪನ್ಯಾಸಕ್ಕಿಂತ ಪ್ರಸಂಗಗಳ ಚರ್ಚೆಯೇ ಪಾಠ. ಯಾವುದೋ ಒಂದು ಕಂಪನಿ ಎದುರಿಸಿದ ನಿಜವಾದ ಸಂಕಟವನ್ನು ಹತ್ತಿಪ್ಪತ್ತು ಪುಟಗಳಲ್ಲಿ ಬರೆದು ಕೊಡುತ್ತಾರೆ. ದಿನಕ್ಕೆ ಎರಡು ಮೂರು ಪ್ರಸಂಗ, ಎರಡು ವರ್ಷಗಳಲ್ಲಿ ಸುಮಾರು ಐದು ನೂರು. ತೊಂಬತ್ತು ಜನ ಅರ್ಧಚಂದ್ರಾಕೃತಿಯಲ್ಲಿ ಕುಳಿತಿರುತ್ತಾರೆ. ಪ್ರಾಧ್ಯಾಪಕರು ಒಳಬಂದು ಯಾರಾದರೊಬ್ಬರ ಹೆಸರು ಹಿಡಿದು, “ನೀವು ಆ ವ್ಯವಸ್ಥಾಪಕರ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?” ಎಂದು ಕೇಳುತ್ತಾರೆ. ಸರಿಯುತ್ತರವೆಂಬುದು ಕೊನೆಯಲ್ಲಿಯೂ ಇರುವುದಿಲ್ಲ! ಅನೇಕ ವಿಷಯಗಳಲ್ಲಿ ಅರ್ಧದಷ್ಟು ಅಂಕಗಳು ಹೀಗೆ ತರಗತಿಯಲ್ಲಿ ಆಡಿದ ಮಾತಿಗೇ ಮೀಸಲು. ಬರೆಯುವ ಪರೀಕ್ಷೆಯಲ್ಲಿ ಸದಾ ಮೊದಲಿಗನಾದ ಹುಡುಗ ಬಾಯಿ ತೆರೆಯದೆ ಕುಳಿತು ಮೊದಲ ತಿಂಗಳಲ್ಲಿಯೇ ಹಿಂದೆ ಬೀಳುವುದು ಹೀಗೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲಿ ಹೆಚ್ಚಿನ ಅಳುಕು ಇರುವುದು ಸಹಜ. ಆದರೆ ಅಲ್ಲಿ ಕೇಳುವುದು ಉಚ್ಚಾರದ ನಯವನ್ನಲ್ಲ, ಮಾತಿನ ತೂಕವನ್ನು. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ದಲಾಲಿ ಅಂಗಡಿ ನಡೆಸಿದ ತಂದೆಯ ಪಕ್ಕದಲ್ಲಿ ಬೆಳೆದ ಹುಡುಗನಿಗೆ ಉದ್ದರಿ, ಬಡ್ಡಿ, ದರದ ಏರಿಳಿತ, ಗಿರಾಕಿಯ ನಂಬಿಕೆ ಇವುಗಳ ಬಗೆಗೆ ಇರುವ ತಿಳಿವಳಿಕೆ ನ್ಯೂಯಾರ್ಕಿನ ಬ್ಯಾಂಕಿನಲ್ಲಿ ದುಡಿದವನಿಗೂ ಇರಲಾರದು. ಅದನ್ನು ಎದ್ದು ಹೇಳುವ ಧೈರ್ಯ ಬಂದರೆ ಸಾಕು. ಹೊರಡುವ ಮೊದಲ ಒಂದು ವರ್ಷ ಕಛೇರಿಯ ಸಭೆಗಳಲ್ಲಿ ದಿನಕ್ಕೊಮ್ಮೆಯಾದರೂ ಬಾಯಿ ತೆರೆಯುವ ಅಭ್ಯಾಸ ಮಾಡಿಕೊಂಡವರಿಗೆ ಅಲ್ಲಿ ಸುಲಭವಾಗುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಇನ್ನೊಬ್ಬರ ಬರಹದಿಂದ ನಾಲ್ಕು ಸಾಲು ಎತ್ತಿ ತನ್ನದೆಂದು ಬರೆಯುವುದನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಿ ಅದು ಕಳವು. ಸಿಕ್ಕಿಬಿದ್ದರೆ ಹೊರಹಾಕುವವರೆಗೂ ಹೋಗಬಹುದು, ಹೊರಹಾಕಿದರೆ ವಿದ್ಯಾರ್ಥಿ ವೀಸಾದ ಆಧಾರವೂ ಕಳಚುತ್ತದೆ.

ಸಾಲದ ಗಣಿತ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಾರ್ವರ್ಡಿನಲ್ಲಿ ಒಂದು ವರ್ಷದ ಬೋಧನಾ ಶುಲ್ಕವೇ ೭೫ ಸಾವಿರ ಡಾಲರ್ ದಾಟಿದೆ. ವಸತಿ, ಊಟ, ಆರೋಗ್ಯ ವಿಮೆ, ಪುಸ್ತಕಗಳೆಲ್ಲ ಸೇರಿದರೆ ವರ್ಷಕ್ಕೆ ೧ ಲಕ್ಷ ೨೦ ಸಾವಿರ ಡಾಲರ್ ಮೀರುತ್ತದೆ. ಡಾಲರಿನ ಬೆಲೆ ೨೦೨೫ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ೯೦ ರೂಪಾಯಿ ದಾಟಿತು. ಆ ದರದಲ್ಲಿ ಎರಡು ವರ್ಷಕ್ಕೆ ಎರಡು ಕೋಟಿ ರೂಪಾಯಿಗೂ ಮಿಗಿಲಾಯಿತು. ಇದು ಶಿಖರದ ಮಾತಾಯಿತು. ಇದಕ್ಕಿಂತ ಕಡಿಮೆ ಶುಲ್ಕದ ಉತ್ತಮ ಶಾಲೆಗಳು ಅಮೆರಿಕದಲ್ಲಿಯೇ ಸಾಕಷ್ಟಿವೆ. ಪ್ರತಿಭೆ ನೋಡಿ ಶುಲ್ಕದಲ್ಲಿ ಅರ್ಧ ಬಿಡುವ ಶಾಲೆಗಳೂ ಇವೆ. ಹಾರ್ವರ್ಡ್ ಮಾತ್ರ ಆರ್ಥಿಕ ಅಗತ್ಯವನ್ನು ನೋಡಿಯೇ ನೆರವು ಕೊಡುತ್ತದೆ.

ಒಂದು ಸಾಧಾರಣ ಉದಾಹರಣೆಯನ್ನು ಎಣಿಸಿ ನೋಡೋಣ. ವಿದ್ಯಾರ್ಥಿವೇತನ, ಉಳಿತಾಯ ಎಲ್ಲ ಕಳೆದು ಒಂದು ಮನೆಯವರು ೬೦ ಲಕ್ಷ ರೂಪಾಯಿ ಸಾಲ ಮಾಡಿದರೆಂದು ತಿಳಿಯಿರಿ. ಬಡ್ಡಿ ನೂರಕ್ಕೆ ೧೦. ಸಾಲವನ್ನು ಎರಡು ಕಂತುಗಳಲ್ಲಿ, ವರ್ಷಕ್ಕೆ ೩೦ ಲಕ್ಷದಂತೆ ಪಡೆದರೆ, ಓದಿನ ಎರಡು ವರ್ಷ ಮತ್ತು ನಂತರದ ಆರು ತಿಂಗಳ ಬಿಡುವಿನಲ್ಲಿ ಬಡ್ಡಿಯೇ ೧೨ ಲಕ್ಷವಾಗುತ್ತದೆ. ಬಿಡುವೆಂದರೆ ಕಂತು ಕಟ್ಟುವುದಕ್ಕೆ ಬಿಡುವೇ ಹೊರತು ಬಡ್ಡಿಗೆ ಬಿಡುವಲ್ಲ ಎಂಬುದು ಬಹಳ ಜನರಿಗೆ ತಿಳಿಯುವುದು ಮೊದಲ ನೋಟೀಸು ಬಂದಾಗ. ಹೀಗೆ ಬೆಳೆದ ೭೨ ಲಕ್ಷವನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ೯೫ ಸಾವಿರ ರೂಪಾಯಿ ಕಟ್ಟಬೇಕು. ಒಟ್ಟು ಕಟ್ಟಿದ್ದು ಒಂದು ಕೋಟಿ ೧೪ ಲಕ್ಷ. ಓದುವ ಅವಧಿಯಲ್ಲಿಯೇ ಬಡ್ಡಿಯನ್ನಷ್ಟು ಕಟ್ಟುತ್ತ ಹೋಗಬಲ್ಲ ಮನೆಯವರಿಗೆ ಹೊರೆ ಗಣನೀಯವಾಗಿ ಇಳಿಯುತ್ತದೆ.

ಡಾಲರಿನಲ್ಲಿ ಸಂಬಳ ಬರುವವರೆಗೆ ಈ ಕಂತು ದೊಡ್ಡದಲ್ಲ. ರೂಪಾಯಿ ಇಳಿದಷ್ಟೂ ತೀರಿಸುವುದು ಇನ್ನೂ ಹಗುರ. ಆದರೆ ಅದೇ ಹುಡುಗ ಬೆಂಗಳೂರಿಗೆ ಮರಳಿ ಬಂದರೆ? ತಿಂಗಳಿಗೆ ೯೫ ಸಾವಿರ ಕಟ್ಟಿ, ಬಾಡಿಗೆ ಕೊಟ್ಟು, ಮನೆಗೆ ಒಂದಿಷ್ಟು ಕಳಿಸಬಲ್ಲ ನೌಕರಿ ಅವನ ಹಿಂದಿನ ಅನುಭವಕ್ಕೆ ಇಲ್ಲಿ ಸಿಗುವುದೇ? ಈ ಪ್ರಶ್ನೆಗೆ ‘ಹೌದು’ ಎಂದು ಉತ್ತರ ಬಂದರೆ ಸಾಲ ಮಾಡಬಹುದು. ‘ಅಲ್ಲಿಯೇ ಉಳಿದರೆ ಆದೀತು’ ಎಂದು ಉತ್ತರ ಬಂದರೆ ಆ ಸಾಲ ಮನೆಯ ಶಕ್ತಿಗೆ ಮೀರಿದ್ದು ಎಂದೇ ನಮ್ಮ ಖಚಿತವಾದ ಅಭಿಪ್ರಾಯ.

ರೂಪಾಯಿಯ ಇಳಿತ ಓದುವಾಗಲೇ ಪೆಟ್ಟು ಕೊಡುವುದೂ ಉಂಟು. ೨೦೧೧ರ ಜುಲೈಯಲ್ಲಿ ೪೫ರ ಆಸುಪಾಸಿನಲ್ಲಿದ್ದ ಡಾಲರು ಮರುವರ್ಷದ ಜುಲೈಗೆ ೫೫ರ ಆಸುಪಾಸಿಗೆ ಏರಿತ್ತು. ಆ ಸಾಲಿನಲ್ಲಿ ಹೋದವರ ಎರಡನೆಯ ವರ್ಷದ ಶುಲ್ಕ, ಕಾಲೇಜು ಒಂದು ಡಾಲರನ್ನೂ ಹೆಚ್ಚಿಸದಿದ್ದರೂ, ಐದರಲ್ಲೊಂದು ಪಾಲಿಗಿಂತ ಹೆಚ್ಚು ಏರಿದಂತಾಯಿತು. ಆದ್ದರಿಂದ ಬ್ಯಾಂಕಿನಿಂದ ಮಂಜೂರು ಮಾಡಿಸಿಕೊಳ್ಳುವ ಮೊತ್ತದಲ್ಲಿ ಸ್ವಲ್ಪ ಉಸಿರಾಡಲು ಎಡೆಯಿರಲಿ. ಬೇಕಾಗದಿದ್ದರೆ ಪಡೆಯುವುದು ಬೇಡ.

ಬ್ಯಾಂಕುಗಳು ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಸ್ಥಿರಾಸ್ತಿಯ ಭದ್ರತೆ ಕೇಳುತ್ತವೆ. ಹತ್ತಿಪ್ಪತ್ತು ಎಕರೆ ನೀರಾವರಿ ಜಮೀನಿದ್ದರೂ ಬ್ಯಾಂಕಿನವರು ಪೇಟೆಯ ಮನೆಯ ಉತಾರವನ್ನೇ ಕೇಳುವುದನ್ನು ಕಂಡು ರೈತ ಬಂಧುಗಳು ಬೇಸರಪಟ್ಟುಕೊಳ್ಳುತ್ತಾರೆ. ಇದಕ್ಕೆ ಕಾರಣವಿದೆ. ನ್ಯಾಯಾಲಯಕ್ಕೆ ಹೋಗದೆ ಒತ್ತೆಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟ ೨೦೦೨ರ ಕಾಯ್ದೆಯಿಂದ ಕೃಷಿ ಜಮೀನನ್ನು ಹೊರಗಿಡಲಾಗಿದೆ. ಹೊಲ ಉಳಿಯುವ ಈ ರಕ್ಷಣೆಯ ಇನ್ನೊಂದು ಮುಖವೆಂದರೆ, ಅಪಾಯಕ್ಕೆ ಸಿಲುಕುವುದು ಅಜ್ಜ ಕಟ್ಟಿಸಿದ ಮನೆ. ಭದ್ರತೆಯಿಲ್ಲದೆ ಕೊಡುವ ಸಂಸ್ಥೆಗಳ ಬಡ್ಡಿ ಹೆಚ್ಚು. ಕೆಲವು ವಿದೇಶೀ ಸಂಸ್ಥೆಗಳು ಡಾಲರಿನಲ್ಲಿಯೇ ಸಾಲ ಕೊಡುತ್ತವೆ. ಊರಿಗೆ ಮರಳಿದವರಿಗೆ ಈ ಸಾಲ ರೂಪಾಯಿ ಇಳಿದಂತೆಲ್ಲ ಬೆಳೆಯುತ್ತ ಹೋಗುತ್ತದೆ.

ನಮ್ಮ ಹಿರಿಯರು ಓದಿದ್ದು ಮಠಗಳ ಪ್ರಸಾದ ನಿಲಯಗಳಲ್ಲಿ, ದಾನಿಗಳ ದತ್ತಿಯಲ್ಲಿ. ಅವರ ಮೇಲಿದ್ದ ಋಣಕ್ಕೆ ಬಡ್ಡಿ ಬೆಳೆಯುತ್ತಿರಲಿಲ್ಲ. ಅಂತಹ ದತ್ತಿಗಳು ಇಂದಿಗೂ ಪೂರ್ಣವಾಗಿ ಬತ್ತಿಲ್ಲ. ೧೮೯೨ರಲ್ಲಿ ಜಮಶೇಟಜಿ ಟಾಟಾ ಅವರು ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿ, ಕೆ.ಸಿ. ಮಹೀಂದ್ರ ಟ್ರಸ್ಟ್ ಇವು ವಿದೇಶ ವ್ಯಾಸಂಗಕ್ಕೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತ ಬಂದಿವೆ. ಪೂರ್ಣ ಖರ್ಚಿಗೆ ಸಾಲದು, ನಿಜ. ಆದರೂ ಅರ್ಜಿಯ ಗಡುವು ಮುಗಿದ ಮೇಲೆ ಇವುಗಳ ಹೆಸರು ಕೇಳುವುದಕ್ಕಿಂತ ಮೊದಲೇ ವಿಚಾರಿಸುವುದು ಲೇಸು. ತೆರಿಗೆಯ ಒಂದು ಚಿಕ್ಕ ಅನುಕೂಲವೂ ಇದೆ: ೨೦೨೫ರ ಏಪ್ರಿಲ್ ೧ರಿಂದ, ಬ್ಯಾಂಕ್ ಸಾಲದ ಹಣವನ್ನು ಶುಲ್ಕಕ್ಕಾಗಿ ಕಳಿಸುವಾಗ ಮೂಲದಲ್ಲಿಯೇ ತೆರಿಗೆ ವಸೂಲು ಮಾಡುವುದನ್ನು ಕೈಬಿಡಲಾಗಿದೆ, ಸ್ವಂತ ಹಣವಾದರೆ ವರ್ಷಕ್ಕೆ ೧೦ ಲಕ್ಷದವರೆಗೆ ವಿನಾಯಿತಿ.

ಮರಳುವೆನೆಂಬ ಮಾತು

ವೀಸಾ ಕಛೇರಿಯ ಕಿಟಕಿಯ ಎದುರು ನಿಂತ ವಿದ್ಯಾರ್ಥಿ ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುವ ಉದ್ದೇಶವಿದೆಯೆಂದು ಅಧಿಕಾರಿಗೆ ಮನಗಾಣಿಸಬೇಕು. ಅಮೆರಿಕದ ಎಫ್-೧ ವೀಸಾದ ಕಾನೂನೇ ಹಾಗಿದೆ. ಆದರೆ ಮನೆಯಲ್ಲಿ ಸಾಲದ ಲೆಕ್ಕ ಹಾಕಿದ್ದು ಅವನು ಮರಳುವುದಿಲ್ಲವೆಂಬ ಎಣಿಕೆಯ ಮೇಲೆ! ಈ ವಿರೋಧಾಭಾಸವನ್ನು ನಾವು ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಪದವಿಯ ನಂತರ ಹನ್ನೆರಡು ತಿಂಗಳು ಅಲ್ಲಿ ಕೆಲಸ ಮಾಡಲು ಅವಕಾಶವಿದೆ. ಶಾಲೆಯ ಎಂ.ಬಿ.ಎ. ವಿಜ್ಞಾನ-ತಂತ್ರಜ್ಞಾನದ ವರ್ಗದಲ್ಲಿ ಮಾನ್ಯವಾಗಿದ್ದರೆ ಇನ್ನೂ ೨೪ ತಿಂಗಳು ಸೇರುತ್ತವೆ. ಅರ್ಜಿ ಹಾಕುವ ಮೊದಲೇ ಪ್ರತಿ ಶಾಲೆಗೂ ಕೇಳಬೇಕಾದ ಪ್ರಶ್ನೆ ಇದು. ಒಂದು ವರ್ಷಕ್ಕೂ ಮೂರು ವರ್ಷಕ್ಕೂ ಇರುವ ಅಂತರ ಸಣ್ಣದಲ್ಲ. ಆಮೇಲೆ ಬೇಕಾದುದು ಎಚ್-೧ಬಿ ವೀಸಾ. ವರ್ಷಕ್ಕೆ ೬೫ ಸಾವಿರ, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ ೨೦ ಸಾವಿರ. ಬೇಡಿಕೆ ಹೆಚ್ಚಾದುದರಿಂದ ಚೀಟಿ ಎತ್ತುತ್ತಾರೆ. ೨೦೨೫ರ ಸುತ್ತಿನಲ್ಲಿ ಅರ್ಹವಾಗಿದ್ದ ಸುಮಾರು ೩ ಲಕ್ಷ ೪೪ ಸಾವಿರ ನೋಂದಣಿಗಳಲ್ಲಿ ಆಯ್ಕೆಯಾದವು ೧ ಲಕ್ಷ ೨೦ ಸಾವಿರ. ಮೂವರಲ್ಲಿ ಒಬ್ಬರಿಗೆ ಎಂದು ತಿಳಿಯಬಹುದು. ಬುದ್ಧಿವಂತಿಕೆ, ಅಂಕ, ಪರಿಶ್ರಮ ಯಾವುದನ್ನೂ ಆ ಚೀಟಿ ನೋಡುತ್ತಿರಲಿಲ್ಲ. ಹೆಚ್ಚು ಸಂಬಳದ ಹುದ್ದೆಗೆ ಹೆಚ್ಚು ಅವಕಾಶ ದೊರೆಯುವಂತೆ ಈ ಕ್ರಮವನ್ನು ಬದಲಿಸುವ ನಿಯಮವನ್ನು ೨೦೨೫ರ ಡಿಸೆಂಬರಿನಲ್ಲಿ ಹೊರಡಿಸಲಾಯಿತು.

ಅದೇ ವರ್ಷ ಒಂದರ ಮೇಲೊಂದು ಪೆಟ್ಟು ಬಿದ್ದುದನ್ನು ವಾಚಕರು ಬಲ್ಲರು. ಮೇ ತಿಂಗಳ ಕೊನೆಗೆ ವಿದ್ಯಾರ್ಥಿ ವೀಸಾ ಸಂದರ್ಶನಗಳ ಹೊಸ ದಿನಾಂಕ ಕೊಡುವುದನ್ನು ನಿಲ್ಲಿಸಿ ಜೂನ್ ಮಧ್ಯದಲ್ಲಿ ಪುನಃ ಆರಂಭಿಸಿದರು. ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಘೋಷಣೆಯೊಂದು ಹೊಸ ಎಚ್-೧ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಹೇರಿತು. ಅಲ್ಲಿಯೇ ವಿದ್ಯಾರ್ಥಿಯಾಗಿದ್ದು ವೀಸಾ ಬದಲಾಯಿಸಿಕೊಳ್ಳುವವರಿಗೆ ಇದು ಅನ್ವಯಿಸದೆಂಬ ವಿವರಣೆ ಬಂದದ್ದು ಒಂದು ತಿಂಗಳ ನಂತರ. ಆ ಒಂದು ತಿಂಗಳು ನಿದ್ದೆಗೆಟ್ಟ ತಾಯ್ತಂದೆಗಳು ನಮ್ಮ ಜಿಲ್ಲೆಗಳಲ್ಲಿಯೂ ಕಡಿಮೆಯಿಲ್ಲ. ನಿಯಮ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಇನ್ನೊಂದು ದೇಶದ ನಿಯಮ ನಮ್ಮ ಹತ್ತು ವರ್ಷದ ಕಂತಿನ ಅವಧಿಯುದ್ದಕ್ಕೂ ಇದ್ದಂತೆಯೇ ಇರುವುದೆಂದು ನಂಬಿ ಸಾಲ ಮಾಡುವುದು ಜಾಣತನವಲ್ಲ.

ಹೆಸರಿನ ಬಲವೂ ಎಲ್ಲ ಕಾಲಕ್ಕೂ ಕಾಯುವುದಿಲ್ಲ. ೨೦೨೪ರಲ್ಲಿ ಹಾರ್ವರ್ಡಿನಿಂದ ಹೊರಬಂದು ನೌಕರಿ ಅರಸುತ್ತಿದ್ದವರಲ್ಲಿ ಮೂರು ತಿಂಗಳ ನಂತರವೂ ನೂರಕ್ಕೆ ೨೩ ಜನ ಇನ್ನೂ ಅರಸುತ್ತಲೇ ಇದ್ದರು. ಇವರಲ್ಲಿ ಅಮೆರಿಕದ ಪ್ರಜೆಗಳೂ ಸೇರಿದ್ದಾರೆ ಎಂಬುದನ್ನು ಮರೆಯಲಾಗದು. ಆದ್ದರಿಂದ ಶಾಲೆಗಳು ಪ್ರಕಟಿಸುವ ನೌಕರಿಯ ವರದಿಯಲ್ಲಿ ಸರಾಸರಿ ಸಂಬಳದ ಅಂಕಿಗಿಂತ, ಪರದೇಶದಿಂದ ಬಂದ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಮೂರು ತಿಂಗಳೊಳಗೆ ಕೆಲಸ ದೊರೆಯಿತೆಂಬುದನ್ನು ಬೇರೆಯಾಗಿ ಕೇಳಬೇಕು. ಉತ್ತರ ಕೊಡದ ಶಾಲೆಯೂ ಒಂದು ಉತ್ತರ ಕೊಟ್ಟಂತೆಯೇ.

ಇಂಗ್ಲೆಂಡಿನ ಎಂ.ಬಿ.ಎ. ಬಹುಮಟ್ಟಿಗೆ ಒಂದೇ ವರ್ಷದ್ದು. ಖರ್ಚೂ ಅದಕ್ಕೆ ತಕ್ಕಂತೆ ಕಡಿಮೆ. ನಂತರ ಕೆಲಸ ಹುಡುಕಲು ಕೊಡುತ್ತಿರುವ ಎರಡು ವರ್ಷದ ಅವಧಿಯನ್ನು ೨೦೨೭ರ ಜನವರಿ ೧ರಿಂದ ಅರ್ಜಿ ಹಾಕುವವರಿಗೆ ೧೮ ತಿಂಗಳಿಗೆ ಇಳಿಸಲಾಗುತ್ತದೆ. ೨೦೨೪ರ ಜನವರಿಯಿಂದ ಇಂತಹ ಓದಿಗೆ ಹೋಗುವವರು ಪತ್ನಿಯನ್ನೋ ಪತಿಯನ್ನೋ ಆಶ್ರಿತರೆಂದು ಕರೆದೊಯ್ಯುವಂತಿಲ್ಲ. ಮದುವೆ ಮುಗಿಸಿಯೇ ಕಳಿಸಬೇಕೆಂಬ ಹಿರಿಯರು ಇದನ್ನು ತಿಳಿದಿರಲಿ. ಅಮೆರಿಕದಲ್ಲಿ ಸಂಗಾತಿಯನ್ನು ಕರೆದೊಯ್ಯಬಹುದು, ಆದರೆ ಆಕೆ ಅಲ್ಲಿ ದುಡಿಯುವಂತಿಲ್ಲ. ಇಲ್ಲಿ ಬ್ಯಾಂಕಿನಲ್ಲಿಯೋ ಕಾಲೇಜಿನಲ್ಲಿಯೋ ನೌಕರಿಯಲ್ಲಿದ್ದ ಸೊಸೆ ಎರಡು ವರ್ಷ ನಾಲ್ಕು ಗೋಡೆಗಳ ನಡುವೆ ಕೂಡಬೇಕಾದೀತು. ವಧೂವರರ ಅಂಕಣಗಳಲ್ಲಿ ‘ಅಮೆರಿಕದಲ್ಲಿ ಎಂ.ಬಿ.ಎ.’ ಎಂಬ ಎರಡು ಶಬ್ದಗಳಿಗೆ ಇರುವ ತೂಕವನ್ನು ನಾವು ಬಲ್ಲೆವು. ಆ ಶಬ್ದಗಳ ಹಿಂದೆ ಎಷ್ಟು ಸಾಲವಿದೆಯೆಂದು ವಧುವಿನ ಕಡೆಯವರು ಸಂಕೋಚವಿಲ್ಲದೆ ಕೇಳುವುದು ತಪ್ಪಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಮಗನಿಗಾಗಿ ಮನೆ ಒತ್ತೆಯಿಡಲು ಹಿಂಜರಿಯದವರು ಮಗಳು ಅದೇ ಅಂಕ ಪಡೆದು ಬಂದಾಗ “ಮದುವೆಗೆ ಬೇಕಲ್ಲ” ಎನ್ನುತ್ತಾರೆ. ಲೆಕ್ಕ ಸರಿ ಇದ್ದರೆ ಇಬ್ಬರಿಗೂ ಸರಿ, ತಪ್ಪಿದ್ದರೆ ಇಬ್ಬರಿಗೂ ತಪ್ಪು.

ಏಜೆಂಟರ ವಿಷಯ ಬಹಳ ಬರೆಯುವಂತಹುದಲ್ಲ. ‘ಉಚಿತ ಸಲಹೆ’ ಎಂದು ಫಲಕ ಹಾಕಿದವರಲ್ಲಿ ಹಲವರಿಗೆ ಹಣ ಬರುವುದು ಕಾಲೇಜುಗಳ ಕಮಿಷನ್ನಿನಿಂದ. ಅವರು ತೋರಿಸುವ ಪಟ್ಟಿ ಅಂತಹ ಕಾಲೇಜುಗಳದ್ದೇ ಆಗಿರುತ್ತದೆ. ಶಾಲೆಗೆ ಎ.ಎ.ಸಿ.ಎಸ್.ಬಿ., ಆಂಬಾ ಅಥವಾ ಈಕ್ವಿಸ್ ಮಾನ್ಯತೆ ಇದೆಯೇ ಎಂದು ಮಕ್ಕಳೇ ನೋಡಿಕೊಳ್ಳಬಹುದು. ಹಿಂದಿನ ಸಾಲಿನಲ್ಲಿ ಅಲ್ಲಿ ಓದಿದ ಇಬ್ಬರು ಭಾರತೀಯ ವಿದ್ಯಾರ್ಥಿಗಳೊಡನೆ ನೇರವಾಗಿ ಮಾತಾಡಿದರೆ ಏಜೆಂಟರ ಹತ್ತು ಭೇಟಿಗಳಿಗಿಂತ ಹೆಚ್ಚು ತಿಳಿಯುತ್ತದೆ.

ಅಲ್ಲಿ ಸೇರಿದ ಮೇಲೆ ವಾರಕ್ಕೆ ಇಪ್ಪತ್ತು ಗಂಟೆ ಕ್ಯಾಂಪಸ್ಸಿನ ಒಳಗೆ ಮಾತ್ರ ಕೆಲಸ ಮಾಡಬಹುದು. ಹೊರಗೆ ಕೈಗೆ ನಗದು ಕೊಡುವ ಅಂಗಡಿ, ಉಪಾಹಾರ ಗೃಹಗಳ ಆಸೆಗೆ ಬಿದ್ದವರು ವೀಸಾವನ್ನೇ ಪಣಕ್ಕಿಟ್ಟಂತೆ. ಬೇಸಿಗೆಯ ತರಬೇತಿ ನೌಕರಿಗಾಗಿ ಕಂಪನಿಗಳ ಓಡಾಟ ಮೊದಲ ವರ್ಷದ ಮೊದಲ ತಿಂಗಳುಗಳಲ್ಲಿಯೇ ಆರಂಭವಾಗುತ್ತದೆ. ಊಟದ ಚಿಂತೆ ಮಾಡುವ ತಾಯಂದಿರು ಮಾತ್ರ ಸಮಾಧಾನ ತಾಳಬಹುದು: ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲಿ ಜೋಳದ ಹಿಟ್ಟು ದೊರೆಯುತ್ತದೆ. ರೊಟ್ಟಿ ತಟ್ಟುವುದನ್ನು ಹೊರಡುವ ಮೊದಲೇ ಕಲಿಸಿ ಕಳಿಸಬೇಕಷ್ಟೆ.

ಹೊರಡುವ ದಿನ ನಿಶ್ಚಯವಾದ ಮೇಲೆ ಮನೆಯಲ್ಲಿ ಒಂದು ಕಡತ ಮಾಡಿಡಿರಿ. ಸಾಲದ ಮಂಜೂರಾತಿ ಪತ್ರ, ಬಡ್ಡಿ ದರದ ಕರಾರು, ಕಾಲೇಜಿನಿಂದ ಬಂದ ಐ-೨೦ ಪತ್ರ, ಪಾಸ್‌ಪೋರ್ಟಿನ ಪ್ರತಿ, ಅಲ್ಲಿನ ಆರೋಗ್ಯ ವಿಮೆಯ ಸಂಖ್ಯೆ, ಜೊತೆಗೆ ಇರುವ ಗೆಳೆಯರ ದೂರವಾಣಿ ಅದರಲ್ಲಿರಲಿ. ಇಲ್ಲಿನ ಬ್ಯಾಂಕಿನ ಕೆಲಸಗಳಿಗಾಗಿ ತಂದೆಯ ಇಲ್ಲವೆ ತಾಯಿಯ ಹೆಸರಿಗೆ ಅಧಿಕಾರ ಪತ್ರವೊಂದನ್ನು ಮಗನಿಂದ ಬರೆಯಿಸಿಕೊಳ್ಳಿರಿ. ಅವನು ಅಲ್ಲಿಗೆ ಹೋದ ಮೇಲೆ ಅದನ್ನು ಮಾಡಿಸಲು ಭಾರತದ ದೂತಾವಾಸಕ್ಕೆ ಅಲೆಯಬೇಕಾಗುತ್ತದೆ. ಸಾಲದ ಮೊತ್ತಕ್ಕೆ ಸಮನಾದ ಅವಧಿ ವಿಮೆಯನ್ನು ಅವನ ಹೆಸರಿನಲ್ಲಿ ಮಾಡಿಸಿರಿ. ಇದು ಬಾಯಿಗೆ ಬಾರದ ಮಾತು, ಮಂಗಲಕಾರ್ಯದ ಮುಂದೆ ಆಡಬಾರದೆನಿಸುವ ಮಾತು. ಆದರೆ ಸಾಲದ ಪತ್ರಕ್ಕೆ ಸಹಾಲಗಾರರಾಗಿ ರುಜು ಹಾಕಿದವರು ತಂದೆ ತಾಯಿಗಳು, ಅವರಿಗೆ ವಯಸ್ಸಾಗುತ್ತಿದೆ. ಇನ್ನು ದೂರವಾಣಿಯ ವೇಳೆ. ಅಮೆರಿಕದ ಪೂರ್ವ ತೀರಕ್ಕೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಅಂತರ. ನಮ್ಮ ಬೆಳಗಿನ ಏಳಕ್ಕೆ ಅವರಲ್ಲಿ ಹಿಂದಿನ ರಾತ್ರಿಯ ಎಂಟೂವರೆ ಇಲ್ಲವೆ ಒಂಬತ್ತೂವರೆ. ಮಗ ಅಡುಗೆ ಮುಗಿಸಿ ಮರುದಿನದ ಪ್ರಸಂಗ ಓದಲು ಕೂಡುವ ಮುಂಚಿನ ಹೊತ್ತು ಅದು.